ಹೊಗೆಯಿಲ್ಲದ ಗಾಡಿಯ ಋಣ

ಪದಾರ್ಥಗಳನ್ನು ಕೊಳ್ಳುವುದು ವ್ಯಾಪಾರದ ಮಾತೇ ಹೊರತು ಧರ್ಮದ ಮಾತಲ್ಲವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಅಕ್ಕಿಯನ್ನೋ ಬಟ್ಟೆಯನ್ನೋ ಕೊಳ್ಳಹೋದವನು ಬೆಲೆಯನ್ನೂ ಬಾಳಿಕೆಯನ್ನೂ ವಿಚಾರಿಸಿದರೆ ಸಾಕು. ಅದಕ್ಕಿಂತ ಹೆಚ್ಚಿನ ವಿವೇಚನೆಯನ್ನು ಅವನಿಂದ ಯಾರೂ ಬಯಸುವುದಿಲ್ಲ. ಆದರೆ ಕೆಲವು ವರ್ಷಗಳಿಂದ ನಮ್ಮ ಪೇಟೆಗಳಿಗೆ ಬಂದಿರುವ ಒಂದು ಪದಾರ್ಥವು ಬೆಲೆ ಬಾಳಿಕೆಗಳೊಡನೆ ಪುಣ್ಯವನ್ನೂ ಕಟ್ಟಿಕೊಡುವುದಾಗಿ ಹೇಳಿಕೊಳ್ಳುತ್ತಿದೆ. ಅದು ವಿದ್ಯುಚ್ಛಕ್ತಿಯಿಂದ ಓಡುವ ಸ್ಕೂಟರು. ಇದಕ್ಕೆ ಹೊಗೆಯಿಲ್ಲ, ಸದ್ದಿಲ್ಲ, ಪರಿಸರಕ್ಕೆ ಇದರಿಂದ ಕೇಡಿಲ್ಲ ಎಂಬುದು ಅಂಗಡಿಯವರ ಮೊದಲ ಮಾತು. ಧರ್ಮದ ಹೆಸರನ್ನು ಅವರೇ ಎತ್ತಿರುವುದರಿಂದ ಆ ಒರೆಗಲ್ಲಿಗೆ ಈ ಗಾಡಿಯನ್ನು ತಿಕ್ಕಿ ನೋಡುವುದು ಅನುಚಿತವಾಗಲಾರದು.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಿ. ಎಚ್. ರಸ್ತೆಯಲ್ಲಿ, ಊರಿನ ನಡುವಿನಿಂದ ಐದಾರು ಕಿಲೋಮೀಟರು ದೂರದಲ್ಲಿ ಮಲವಗೊಪ್ಪವಿದೆ. ಒಂದು ಕಡೆಗೆ ಹೋದರೆ ಕಚೇರಿ, ಕಾಲೇಜು, ಆಸ್ಪತ್ರೆಗಳು; ಇನ್ನೊಂದು ಕಡೆಗೆ ಹೋದರೆ ಮಾಚೇನಹಳ್ಳಿಯ ಕಾರ್ಖಾನೆಗಳು, ಆಮೇಲೆ ಭದ್ರಾವತಿ. ಅಲ್ಲಿ ವಾಸವಾಗಿರುವವರ ಜೀವನದ ಒಂದು ಭಾಗ ರಸ್ತೆಯ ಮೇಲೆಯೇ ಕಳೆಯುವುದು ಸಹಜ. ಅಲ್ಲಿನ ನನ್ನ ಸ್ನೇಹಿತರೊಬ್ಬರು, ಪ್ರೌಢಶಾಲೆಯ ಉಪಾಧ್ಯಾಯರು, ತಮ್ಮ ಹಳೆಯ ಪೆಟ್ರೋಲು ಸ್ಕೂಟರನ್ನು ಬಿಟ್ಟು ಇಂಥ ಗಾಡಿಯೊಂದನ್ನು ಕೊಳ್ಳಬೇಕೆಂದಿದ್ದಾರೆ. ಯಾವುದನ್ನು ಕೊಳ್ಳಲಿ ಎಂದು ಕೇಳುವವರು ಬಹಳ ಮಂದಿ. ಕೊಳ್ಳುವುದು ನಿಜವಾಗಿಯೂ ಒಳ್ಳೆಯ ಕೆಲಸವೇ ಎಂದು ಕೇಳಿದವರು ಇವರೊಬ್ಬರೇ. ಈ ಲೇಖನ ಹುಟ್ಟಿದ್ದು ಅವರ ಪ್ರಶ್ನೆಯಿಂದ.

ಲೆಕ್ಕದ ಭಾಗವನ್ನು ಬೇಗ ಮುಗಿಸೋಣ. ಅವರ ಓಡಾಟ ದಿನಕ್ಕೆ 20 ಕಿಲೋಮೀಟರು. ತಿಂಗಳಿಗೆ ಸುಮಾರು 500. ಲೀಟರಿಗೆ 45 ಕಿಲೋಮೀಟರು ಓಡುವ ಗಾಡಿಗೆ 11 ಲೀಟರು ಪೆಟ್ರೋಲು ಬೇಕು. ಲೀಟರಿಗೆ ನೂರು ರೂಪಾಯಿಯೆಂದರೂ ಸಾವಿರದ ನೂರು. ಅದೇ ದಾರಿಗೆ ವಿದ್ಯುತ್ ಸ್ಕೂಟರು ಸೋರಿಕೆಯೂ ಸೇರಿ ಹದಿನೆಂಟು ಯೂನಿಟ್ಟನ್ನು ಮೀರಿ ಬಳಸಲಾರದು. ಯೂನಿಟ್ಟಿಗೆ ಆರು ರೂಪಾಯಿಯಂತೆ ಅದು ನೂರ ಎಂಟು ರೂಪಾಯಿ. ಇದರಲ್ಲಿ ವಾದಕ್ಕೆ ಆಸ್ಪದವೇ ಇಲ್ಲ. ತೊಡಕಿರುವುದು ಬೇರೆ ಕಡೆ. ಲಾಭವೂ ಧರ್ಮವೂ ಒಂದೇ ಗಾಡಿಯಲ್ಲಿ ಕುಳಿತು ಬಂದಾಗ, ನಾವು ಬಾಗಿಲು ತೆರೆದದ್ದು ಯಾರಿಗಾಗಿ ಎಂಬುದು ನಮಗೇ ತಿಳಿಯದೆ ಹೋಗುತ್ತದೆ. ಸಾವಿರ ರೂಪಾಯಿ ಉಳಿಸಿದವನು ಭೂಮಿಯನ್ನು ಉಳಿಸಿದೆನೆಂದು ಹೇಳಿಕೊಳ್ಳುವುದು ಬಹಳ ಸುಲಭ.

ಹಿಂದಿನ ಕಾಲದ ಕೆಲವು ಮನೆಗಳಲ್ಲಿದ್ದ ಮಡಿಯ ಆಚಾರವನ್ನು ವಾಚಕರು ಬಲ್ಲರು. ಮಡಿಯುಟ್ಟವರು ಕೊಳೆಯನ್ನು ಮುಟ್ಟುತ್ತಿರಲಿಲ್ಲ. ಹಾಗೆಂದು ಮನೆಯಲ್ಲಿ ಕೊಳೆಯೇ ಇರಲಿಲ್ಲವೆ? ಇತ್ತು, ಎತ್ತುವವರು ಬೇರೆ ಇದ್ದರು. ಅವರು ಎತ್ತಿದ್ದರಿಂದಲೇ ಇವರು ಮಡಿಯಾಗಿರುವುದು ಸಾಧ್ಯವಾಯಿತು. ಎತ್ತಿದ ತಪ್ಪಿಗೆ ಅವರು ಹಿತ್ತಲಿನಾಚೆ ನಿಲ್ಲಬೇಕಾಯಿತು. ಹೊಗೆಯಿಲ್ಲದ ಗಾಡಿಯನ್ನೇರಿ, ಮುಂದೆ ಹೋಗುವ ಪೆಟ್ರೋಲು ಬಂಡಿಯ ಹೊಗೆಗೆ ಮೂಗು ಮುಚ್ಚಿಕೊಳ್ಳುವವನ ಮುಖದಲ್ಲಿ ನನಗೆ ಒಮ್ಮೊಮ್ಮೆ ಆ ಮಡಿಯ ಛಾಯೆ ಕಾಣುತ್ತದೆ. ಸರ್ಕಾರದವರು ಇಂಥ ಗಾಡಿಗಳಿಗೆ ಹಸಿರು ಫಲಕವನ್ನು ಗೊತ್ತುಮಾಡಿದ್ದಾರೆ. ಗುರುತಿಗೆ ಅದು ಸರಿಯೇ. ಆದರೆ ಹಣೆಯ ಮೇಲಣ ಮುದ್ರೆಯಿಂದ ನಡತೆಯನ್ನು ಅಳೆಯುವ ಅಭ್ಯಾಸ ನಮ್ಮಲ್ಲಿ ಹಳೆಯದು. ಅದು ಗಾಡಿಯ ಫಲಕಕ್ಕೂ ಹರಡಬಾರದು.

ಹೊಗೆ ಇಲ್ಲವಾಗುವುದಿಲ್ಲ, ಸ್ಥಳ ಬದಲಾಯಿಸುತ್ತದೆ. ಇದನ್ನು ತಿಳಿಯಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಾದುದಿಲ್ಲ. ಭದ್ರಾವತಿಗೆ ಮೊದಲು ಬೆಂಕಿಪುರವೆಂಬ ಹೆಸರಿತ್ತು. 1918ರಲ್ಲಿ ಮೈಸೂರು ಸಂಸ್ಥಾನದವರು ಅಲ್ಲಿ ಸ್ಥಾಪಿಸಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಗೆ ತೊಡಗಿದಾಗ ಅದರ ಕುಲುಮೆಗೆ ಬಿದ್ದದ್ದು ಕಲ್ಲಿದ್ದಲಲ್ಲ, ಮಲೆನಾಡಿನ ಮರದ ಇದ್ದಲು. ಕಬ್ಬಿಣವನ್ನು ಕೊಂಡವರು ಕಾಡನ್ನು ಕಾಣಲಿಲ್ಲ. ವಿದ್ಯುಚ್ಛಕ್ತಿಯ ಕಥೆಯೂ ಇದೇ. 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸಕ್ಕೆ ತೊಡಗಿತು. ಅದಕ್ಕೆ ನೀರು ಕೂಡಿಸಲು ಶರಾವತಿಗೆ ಹಿರೇಭಾಸ್ಕರದ ಅಣೆಕಟ್ಟನ್ನು ಕಟ್ಟಿದ್ದರು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ ಆ ಮೊದಲಿನ ಅಣೆಕಟ್ಟೇ ನೀರಿನಲ್ಲಿ ಮುಳುಗಿತು. ನೀರು ತೀರ ಇಳಿದ ಬೇಸಗೆಗಳಲ್ಲಿ ಅದು ಮೇಲೆ ಕಾಣುವುದನ್ನು ನೋಡಲು ಜನ ಹೋಗುವುದುಂಟು. ಅದರ ಸುತ್ತಲೂ ಮುಳುಗಿದ ಮನೆಗಳು, ಅಡಕೆಯ ತೋಟಗಳು, ಗದ್ದೆಗಳು ಅಷ್ಟು ಸುಲಭವಾಗಿ ಮೇಲೆ ಕಾಣುವುದಿಲ್ಲ. ಸಾಗರ, ಹೊಸನಗರ ಸೀಮೆಯ ಸಾವಿರಾರು ಕುಟುಂಬಗಳು ನೆಲವನ್ನು ಬಿಟ್ಟು ಬಂದುವು. ಕಾಡಿನ ಭೂಮಿಯಲ್ಲಿ ನೆಲೆಗೊಳಿಸಲ್ಪಟ್ಟ ಅನೇಕರ ಮಕ್ಕಳು ಮೊಮ್ಮಕ್ಕಳಿಗೆ ಹಕ್ಕುಪತ್ರದ ತೊಡಕು ಇಂದಿಗೂ ಬಗೆಹರಿದಿಲ್ಲ. ಹಿನ್ನೀರಿನಾಚೆ ಉಳಿದ ತುಮರಿಯ ಕಡೆಯವರು 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೂ ಲಾಂಚಿಗಾಗಿ ದಡದಲ್ಲಿ ಕಾದರು. ನಾಡಿಗೆ ಬೆಳಕು ಕೊಟ್ಟವರು ದಾರಿಗಾಗಿ ಅರುವತ್ತು ವರ್ಷ ಕಾಯಬೇಕಾಯಿತು. ಈಗ ನಮ್ಮ ಗೋಡೆಯ ಪ್ಲಗ್ಗಿಗೆ ಬರುವುದು ಶರಾವತಿಯ ಶಕ್ತಿ ಮಾತ್ರವಲ್ಲ. ರಾಯಚೂರು, ಬಳ್ಳಾರಿಗಳಲ್ಲಿ ಸುಡುವ ಕಲ್ಲಿದ್ದಲು, ಪಾವಗಡದ ಬಿಸಿಲು, ಚಿತ್ರದುರ್ಗದ ಗಾಳಿ ಎಲ್ಲವೂ ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ. ಯಾವ ಯೂನಿಟ್ಟು ಯಾರ ಮನೆಯ ಮುಂದಿನ ಬೂದಿಯಿಂದ ಬಂದಿತೆಂದು ಹೇಳಬಲ್ಲವರಿಲ್ಲ.

ಹಾಗಾದರೆ ಪೆಟ್ರೋಲೇ ಮೇಲೆಂದು ಹೇಳಿದಂತಾಯಿತಲ್ಲ ಎಂದು ಆಕ್ಷೇಪಿಸಬಹುದು. ಖಂಡಿತವಾಗಿ ಅಲ್ಲ. ಪೆಟ್ರೋಲಿನ ಯಂತ್ರವು ತಾನು ಸುಡುವ ಎಣ್ಣೆಯ ಶಾಖದಲ್ಲಿ ಕಾಲುಭಾಗವನ್ನು ಚಲನೆಯಾಗಿ ಮಾಡಿದರೆ ಹೆಚ್ಚು. ಉಳಿದದ್ದೆಲ್ಲ ಬಿಸಿಯಾಗಿ ಹಾಳಾಗುತ್ತದೆ. ವಿದ್ಯುತ್ ಮೋಟಾರು ತೆಗೆದುಕೊಂಡದ್ದರಲ್ಲಿ ಬಹುಭಾಗವನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಕಲ್ಲಿದ್ದಲಿನ ಪಾಲನ್ನು ಲೆಕ್ಕಕ್ಕೆ ಹಿಡಿದರೂ ಒಟ್ಟು ಕೇಡು ಕಡಮೆಯೇ. ಅಲ್ಲದೆ ಶಾಲೆಯ ಮುಂದೆ, ಆಸ್ಪತ್ರೆಯ ಮುಂದೆ, ಬಸ್ಸು ಕಾಯುವವರ ಮುಂದೆ ಹೊಗೆ ಬಿಡದಿರುವುದು ಸಣ್ಣ ಉಪಕಾರವಲ್ಲ. ಆದ್ದರಿಂದ ಸ್ನೇಹಿತರ ಪ್ರಶ್ನೆಗೆ ನನ್ನ ಉತ್ತರ, ಕೊಳ್ಳಬಹುದು ಎಂಬುದೇ. ಆದರೆ ಮಡಿಯುಟ್ಟವನಂತೆ ಕೊಳ್ಳಬಾರದು, ಸಾಲ ಮಾಡುವವನಂತೆ ಕೊಳ್ಳಬೇಕು. ಇದು ಬರಿಯ ಮಾತಿನ ಭೇದವಲ್ಲ. ಶುದ್ಧನಾದೆನೆಂದು ತಿಳಿದವನಿಗೆ ಮುಂದೆ ಮಾಡಬೇಕಾದುದೇನೂ ಉಳಿದಿರುವುದಿಲ್ಲ. ಸಾಲಗಾರನಿಗೆ ಎಷ್ಟು ತೆಗೆದುಕೊಂಡೆ, ಯಾರಿಂದ, ಎಂದಿಗೆ ತೀರಿಸಲಿ ಎಂಬ ಚಿಂತೆ ಇದ್ದೇ ಇರುತ್ತದೆ. ಗಾಡಿಯನ್ನು ಆರಿಸುವ ಬಗೆಯೂ ಅದರಿಂದ ಬದಲಾಗುತ್ತದೆ.

ಮೊದಲನೆಯದಾಗಿ ಎಷ್ಟು ಎಂಬ ಮಾತು. ಈ ಗಾಡಿಗಳ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದೇ. ಎರಡು ಯೂನಿಟ್ಟಿನಷ್ಟು ಶಕ್ತಿ ಹಿಡಿಯುವ ಬ್ಯಾಟರಿ ನಿಜವಾದ ರಸ್ತೆಯಲ್ಲಿ ಸುಮಾರು 60 ಕಿಲೋಮೀಟರು ನಡೆಸುತ್ತದೆ. ಕಂಪೆನಿಯವರು ಹೇಳುವ ಅಂಕಿ ಇದಕ್ಕಿಂತ ದೊಡ್ಡದು, ಅದರಲ್ಲಿ ಕಾಲುಭಾಗವನ್ನಾದರೂ ಕಳೆದುಕೊಳ್ಳುವುದು ವಿವೇಕ. ದಿನಕ್ಕೆ 20 ಕಿಲೋಮೀಟರು ಓಡುವವನಿಗೆ ಇದು ಧಾರಾಳವಾಗಿ ಸಾಕು. ಆದರೂ ಅಂಗಡಿಗೆ ಹೋದವನು ಇದರ ಎರಡರಷ್ಟರದನ್ನು ಕೇಳುತ್ತಾನೆ. ಏತಕ್ಕೆ? ಎಂದೋ ಒಂದು ದಿನ ತೀರ್ಥಹಳ್ಳಿಗೆ ಹೋಗಬೇಕಾಗಿ ಬಂದರೆ! ಆ ಎಂದೋ ಒಂದು ದಿನಕ್ಕಾಗಿ ವರ್ಷದ ಉಳಿದ ದಿನಗಳಲ್ಲೆಲ್ಲ ಹತ್ತು ಹದಿನೈದು ಕಿಲೋಗ್ರಾಮು ಲೋಹವನ್ನು ಸುಮ್ಮನೆ ಹೊತ್ತು ತಿರುಗುತ್ತಾನೆ. ಆ ಲೋಹವು ಆಕಾಶದಿಂದ ಬಿದ್ದುದಲ್ಲ. ಲಿಥಿಯಮ್ಮನ್ನು ಆಸ್ಟ್ರೇಲಿಯದಲ್ಲಿ ಬಂಡೆ ಒಡೆದು ತೆಗೆಯುತ್ತಾರೆ. ಮಳೆಯೆಂಬುದನ್ನೇ ಅರಿಯದ ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ ಬಿಸಿಲಿಗೆ ಆರಿಸಿ ತೆಗೆಯುತ್ತಾರೆ. ಕೋಬಾಲ್ಟಿನ ಬಹುಭಾಗ ಬರುವುದು ಆಫ್ರಿಕದ ಕಾಂಗೋ ದೇಶದಿಂದ. ಅಲ್ಲಿನ ಕೈಗಣಿಗಳಲ್ಲಿ ಮಕ್ಕಳು ದುಡಿಯುವುದು ಲೋಕಕ್ಕೆಲ್ಲ ತಿಳಿದ ಸಂಗತಿ. ಕೋಬಾಲ್ಟಿಲ್ಲದೆ ಕಬ್ಬಿಣ ರಂಜಕಗಳಿಂದ ಮಾಡಿದ ಬ್ಯಾಟರಿಗಳೂ ಉಂಟು. ಇವು ಸ್ವಲ್ಪ ಭಾರ, ಆದರೆ ಬಾಳಿಕೆ ಹೆಚ್ಚು, ಬೆಂಕಿಯ ಭಯವೂ ಕಡಮೆ. ಗಾಡಿಯ ಬಣ್ಣವನ್ನು ಹತ್ತು ಸಲ ಕೇಳುವವರು ಬ್ಯಾಟರಿಯ ಲೋಹವನ್ನು ಒಂದು ಸಲ ಕೇಳುವುದಿಲ್ಲ. ಕೇಳಿದರೆ ಅಂಗಡಿಯವನು ತಡವರಿಸಬಹುದು. ನಾಲ್ಕು ಮಂದಿ ಕೇಳಿದ ಮೇಲೆ ಅವನೂ ತಿಳಿದುಕೊಂಡಾನು.

ಬೆಂಕಿಯ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ. 2022ರ ಬೇಸಗೆಯಲ್ಲಿ ದೇಶದ ಹಲವೆಡೆ ಇಂಥ ಸ್ಕೂಟರುಗಳು ಹೊತ್ತಿಕೊಂಡು ಪ್ರಾಣಹಾನಿಯೂ ಆದ ಮೇಲೆ ಸರ್ಕಾರದವರು ಬ್ಯಾಟರಿಯ ಪರೀಕ್ಷೆಗಳನ್ನು ಬಿಗಿಮಾಡಿದರು. ಹಾಗಿದ್ದರೂ ಮಲಗುವ ಕೋಣೆಯಲ್ಲಿ, ಮನೆಯ ಒಂದೇ ಬಾಗಿಲಿಗೆ ಅಡ್ಡವಾಗಿ, ಸಾಲದ ತಂತಿ ಎಳೆದು ಚಾರ್ಜು ಮಾಡುವುದು ಬುದ್ಧಿವಂತಿಕೆಯಲ್ಲ. ಮಳೆಗಾಲದಲ್ಲಿ ರಸ್ತೆಯೇ ಹಳ್ಳವಾಗುವ ನಮ್ಮ ಸೀಮೆಯಲ್ಲಿ ನೀರಿಗೆ ತಡೆಯುವ ಗಾಡಿಯನ್ನೇ ನೋಡಬೇಕು. ರಿಪೇರಿಮಾಡುವವರು ಊರಿನಲ್ಲೇ ಇದ್ದಾರೆಯೆ ಎಂದೂ ವಿಚಾರಿಸಬೇಕು.

ಇನ್ನು ಯಾವಾಗ ಎಂಬ ಮಾತು. ಸಂಜೆ ಏಳು ಗಂಟೆಗೆ ಮನೆಗೆ ಬಂದು ಗಾಡಿಯನ್ನು ಪ್ಲಗ್ಗಿಗೆ ಸಿಕ್ಕಿಸುವುದು ಎಲ್ಲರ ಅಭ್ಯಾಸ. ಆ ಹೊತ್ತಿಗೆ ಬಿಸಿಲಿನ ಶಕ್ತಿ ನಿಂತಿರುತ್ತದೆ; ನಾಡಿನ ದೀಪಗಳೆಲ್ಲ ಹೊತ್ತಿರುತ್ತವೆ; ಕೊರತೆ ತುಂಬುವುದು ಕಲ್ಲಿದ್ದಲು ಇಲ್ಲವೆ ನೀರು. ಈ ಸಂಜೆಯ ಕೊರತೆಗಾಗಿಯೇ ಶರಾವತಿಯ ಕಣಿವೆಯಲ್ಲಿ ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಮತ್ತೆ ಮೇಲೆತ್ತಿ ಬೇಕಾದಾಗ ಕೆಳಕ್ಕೆ ಬಿಡುವ 2,000 ಮೆಗಾವಾಟಿನ ಯೋಜನೆಯೊಂದನ್ನು ರೂಪಿಸಿದ್ದಾರೆ. ಅದರ ಸುರಂಗಗಳು ಸಿಂಗಳೀಕಗಳ ಕಾಡಿನಡಿ ಹೋಗಬೇಕಾಗಿರುವುದರಿಂದ ಜಿಲ್ಲೆಯಲ್ಲಿ ಬಲವಾದ ವಿರೋಧವೂ ಎದ್ದಿದೆ. ಆ ವಿರೋಧಕ್ಕೆ ರುಜು ಹಾಕಿದವರಲ್ಲಿ ಸಂಜೆ ಏಳಕ್ಕೆ ಗಾಡಿಯನ್ನು ಸಿಕ್ಕಿಸುವವರೂ ಇದ್ದಾರು. ನಾಲ್ಕು ಜನರು ತಡಮಾಡಿ ಚಾರ್ಜು ಮಾಡಿದರೆ ಸುರಂಗ ನಿಂತುಹೋಗುತ್ತದೆಂದು ನಾನು ಹೇಳುವುದಿಲ್ಲ. ಆದರೆ ಹಗಲಿನಲ್ಲಿ, ಶಾಲೆಯಲ್ಲೋ ಕಚೇರಿಯಲ್ಲೋ ಅಪ್ಪಣೆ ಪಡೆದು ಹಣ ತೆತ್ತು, ಇಲ್ಲವೆ ರಜದ ದಿನ ಮಧ್ಯಾಹ್ನ ಮನೆಯಲ್ಲಿ ಚಾರ್ಜು ಮಾಡುವುದು ಸಾಧ್ಯವಿರುವವನು ಹಾಗೆ ಮಾಡದಿದ್ದರೆ, ಕಾಡಿನ ಪರವಾಗಿ ಅವನಾಡುವ ಮಾತಿಗೆ ತೂಕ ಕಡಮೆಯಾಗುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದುದು ಮೀಟರಿನ ಪ್ರಶ್ನೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಂತೆ, ನೋಂದಣಿ ಮಾಡಿಸಿದ ಮನೆಗಳಿಗೆ ಹಿಂದಿನ ಬಳಕೆಯ ಸರಾಸರಿಗಿಂತ ಸ್ವಲ್ಪ ಹೆಚ್ಚಿನವರೆಗೆ, ಇನ್ನೂರು ಯೂನಿಟ್ಟಿನ ಮಿತಿಯೊಳಗೆ ವಿದ್ಯುಚ್ಛಕ್ತಿ ಉಚಿತ. ಪಾಲನ್ನು ಮೀರಿದ್ದಕ್ಕೆ ಹಣ ಕೊಡಬೇಕು. ನನ್ನ ಸ್ನೇಹಿತರ ಮನೆಯಲ್ಲಿ ಮಗ ಓದಲು ಬೇರೆ ಊರಿಗೆ ಹೋದ ಮೇಲೆ ಬಳಕೆ ಕಡಮೆಯಾಗಿದೆ. ಸ್ಕೂಟರಿನ ಹದಿನೆಂಟು ಯೂನಿಟ್ಟು ಆ ಪಾಲಿನೊಳಗೇ ಅಡಗಿಹೋಗುತ್ತದೆ. ಎಂದರೆ ಅವರ ಗಾಡಿ ಕಾಸಿಲ್ಲದೆ ಓಡುತ್ತದೆ. ಕಾನೂನು ಇದನ್ನು ಬೇಡವೆನ್ನುವುದಿಲ್ಲ. ಆದರೂ ಲಕ್ಷ ರೂಪಾಯಿಯ ಗಾಡಿಯನ್ನು ಕೊಳ್ಳಬಲ್ಲವನು ಅದನ್ನು ನಡೆಸಲು ಸಾರ್ವಜನಿಕರ ಬೊಕ್ಕಸದಿಂದ ತೆಗೆದುಕೊಳ್ಳುವುದು ಸರಿಯೆ? ಆ ಬೊಕ್ಕಸಕ್ಕೆ ಬೆಂಕಿಪೆಟ್ಟಿಗೆ ಕೊಳ್ಳುವ ಕೂಲಿಯವನೂ ತೆರಿಗೆ ಕೊಟ್ಟಿರುತ್ತಾನೆ. ಅವನಿಗೆ ಗಾಡಿಯೇ ಇಲ್ಲ. ಇದಕ್ಕೆ ಎದುರಾಗಿ, ಪೆಟ್ರೋಲು ಬಿಡಿಸಿದ್ದರಿಂದ ನಾಡಿಗೇ ಉಪಕಾರವಾಯಿತಲ್ಲ, ಗಾಡಿ ಕೊಳ್ಳುವವರಿಗೆ ಕೇಂದ್ರ ಸರ್ಕಾರವೇ ಫೇಮ್ ಮೊದಲಾದ ಯೋಜನೆಗಳಲ್ಲಿ ಸಹಾಯಧನ ಕೊಡಲಿಲ್ಲವೆ ಎನ್ನಬಹುದು. ಕೊಟ್ಟದ್ದು ನಿಜ, ಹೊಸದೊಂದನ್ನು ಬೇರೂರಿಸಲು ತಿಳಿದೇ ಕೊಟ್ಟರು. ದೀಪಕ್ಕೆಂದು ಕೊಟ್ಟದ್ದನ್ನು ಚಕ್ರಕ್ಕೆ ಹಾಕುವುದು ಬೇರೆಯ ಮಾತು. ನನಗೆ ತೋರುವಂತೆ ಇದು ಕಳವಲ್ಲ. ಆದರೆ ‘ನನ್ನ ಗಾಡಿ ಪುಕ್ಕಟೆ ಓಡುತ್ತದೆ’ ಎಂದು ಹೆಮ್ಮೆಯಿಂದ ಹೇಳುವವನು ಪರರ ಎಲೆಯ ಅನ್ನವನ್ನು ತನ್ನ ಗಳಿಕೆಯೆಂದು ತಿಳಿದವನಂತೆ. ಬಾಡಿಗೆಯ ಮನೆಯಲ್ಲಿದ್ದು ಮಾಲೀಕರ ಮೀಟರಿನಿಂದ ಹೇಳದೆ ಚಾರ್ಜು ಮಾಡುವುದಂತೂ ಕಳವೇ. ಅಲ್ಲಿ ವಿಚಾರಕ್ಕೆ ಎಡೆಯಿಲ್ಲ.

ಇಷ್ಟೆಲ್ಲ ಯೋಚಿಸುವುದಕ್ಕಿಂತ ಬಸ್ಸಿನಲ್ಲಿ ಹೋಗಬಾರದೆ ಎಂದು ಕೇಳುವವರೂ ಉಂಟು. ಹೋಗಬಹುದು, ಹೋಗಬೇಕು. ಶಿವಮೊಗ್ಗ ಭದ್ರಾವತಿಗಳ ನಡುವೆ ಬಸ್ಸಿಗೆ ಬರವಿಲ್ಲ. ನಲವತ್ತು ಜನರು ಕೂಡಿ ಮಾಡುವ ಸಾಲ ಒಬ್ಬನ ಸಾಲಕ್ಕಿಂತ ಹಗುರ. ಆದರೆ ಹೆಂಡತಿಯನ್ನು ರಾತ್ರಿಯ ಪಾಳಿಗೆ ಆಸ್ಪತ್ರೆಗೆ ಬಿಟ್ಟು, ವೃದ್ಧ ತಾಯಿಯ ಔಷಧ ತಂದು, ಹೊತ್ತಿಗೆ ಸರಿಯಾಗಿ ಶಾಲೆಯ ಗಂಟೆಗೆ ನಿಲ್ಲಬೇಕಾದವರಿಗೆ ಬಸ್ಸಿನ ನೀತಿಯನ್ನು ಬೋಧಿಸುವ ಅಧಿಕಾರ ನಿವೃತ್ತನಾದ ನನಗಿಲ್ಲ.

ಋಣದ ಕೊನೆಯ ಕಂತು ಹಳೆಯ ಬ್ಯಾಟರಿ. ಏಳೆಂಟು ವರ್ಷದ ಮೇಲೆ ಅದು ಸೊರಗುತ್ತದೆ. ಆಗ ಅದನ್ನು ಗುಜರಿಗೆ ಹಾಕಿದರೆ ಒಡೆಯುವವನ ಕೈ ಸುಡುತ್ತದೆ, ವಿಷ ಮಣ್ಣಿಗಿಳಿಯುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಅದನ್ನು ಹಿಂದಕ್ಕೆ ಪಡೆದು ಲೋಹ ತೆಗೆಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ಒಪ್ಪಿಸುವ ಕೈ ನಮ್ಮದಾಗಬೇಕು. ಗುಜರಿಯವನು ನಾಲ್ಕು ಕಾಸು ಹೆಚ್ಚು ಕೊಟ್ಟಾಗಲೂ.

ಸ್ನೇಹಿತರು ಇದನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಚಿಕ್ಕ ಬ್ಯಾಟರಿಯ ಗಾಡಿಯನ್ನೇ ಕೊಳ್ಳುವುದೆಂದು ನಿಶ್ಚಯಿಸಿದ್ದಾರೆ. ಹಳೆಯ ಬ್ಯಾಟರಿಯನ್ನು ಎಲ್ಲಿ ಒಪ್ಪಿಸಬೇಕೆಂಬುದನ್ನು ಅಂಗಡಿಯವನಿಂದ ಬರೆಯಿಸಿಕೊಳ್ಳುತ್ತಾರಂತೆ. ಮೀಟರಿನ ಮಾತನ್ನು ಮಾತ್ರ ಅವರು ಇನ್ನೂ ತೀರ್ಮಾನಿಸಿಲ್ಲ. ‘ನೀವು ಹೇಳಿದ್ದು ಸರಿ, ಸ್ವಾಮಿ, ಆದರೆ ನನ್ನ ಸಂಬಳವನ್ನೂ ನೋಡಿ’ ಎಂದರು. ನಾನು ನೋಡಿದೆ, ಅದಕ್ಕೆ ಉತ್ತರ ಹೇಳುವುದು ನನಗೂ ಅಷ್ಟು ಸುಲಭವಾಗಲಿಲ್ಲ.