ತೀರಿಸಲಾಗದ ಸಾಲ

ಹಬ್ಬದ ದಿನ ನಮಾಝ್ ಮುಗಿಸಿ ನಾವು ಪರಸ್ಪರ ಆಲಿಂಗಿಸುತ್ತೇವೆ. ಆದರೆ ಅದೇ ಸಾಲಿನಲ್ಲಿ ನಿಂತಿದ್ದ ಒಬ್ಬನ ಮುಖ ಕಂಡೊಡನೆ ನಮ್ಮ ಕಾಲುಗಳು ಮಸೀದಿಯ ಇನ್ನೊಂದು ಬಾಗಿಲಿನ ಕಡೆಗೆ ತಿರುಗುತ್ತವೆ. ಅವನು ಒಡಹುಟ್ಟಿದ ಅಣ್ಣನೇ ಆಗಿರಬಹುದು. ಆಸ್ತಿ ಪಾಲಾಗುವಾಗ ಆಡಿದ ಒಂದು ಮಾತು ಹತ್ತು ವರ್ಷಗಳಿಂದ ಎದೆಯಲ್ಲಿ ಮುಳ್ಳಾಗಿ ಕುಳಿತಿದೆ. ಯಾರಾದರೂ ಬುದ್ಧಿ ಹೇಳಿದರೆ, "ಎಷ್ಟು ಸಲ ಅಂತ ಕ್ಷಮಿಸುವುದು?" ಎಂದು ಕೇಳುತ್ತೇವೆ.

ಈ ಪ್ರಶ್ನೆ ಹೊಸತಲ್ಲ. ಪ್ರವಾದಿ ಈಸಾ(ಅ)ರೊಡನೆ ಅವರ ಶಿಷ್ಯ ಪೇತ್ರ ಇದನ್ನೇ ಕೇಳಿದರೆಂದು ಬೈಬಲಿನ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯ ಹೇಳುತ್ತದೆ. ಸಹೋದರನು ತಪ್ಪು ಮಾಡುತ್ತಲೇ ಇದ್ದರೆ ಏಳು ಸಲ ಕ್ಷಮಿಸಿದರೆ ಸಾಕೇ ಎಂಬುದು ಪೇತ್ರರ ಪ್ರಶ್ನೆ. ಏಳು ಸಲವಲ್ಲ, ಎಪ್ಪತ್ತೇಳು ಸಲ ಎಂಬುದು ದೊರೆತ ಉತ್ತರ. ಲೆಕ್ಕ ಇಡುವುದನ್ನೇ ಬಿಟ್ಟುಬಿಡು ಎಂಬುದು ಅದರ ಅರ್ಥ. ಬಳಿಕ ಒಂದು ಸಾಮತಿ ಬರುತ್ತದೆ.

ಒಬ್ಬ ಅರಸನಿಗೆ ಅವನ ಸೇವಕನು ಹತ್ತು ಸಾವಿರ ತಲಾಂತು ಸಾಲ ತೀರಿಸಬೇಕಿತ್ತು. ಒಂದು ತಲಾಂತು ಎಂದರೆ ಆರು ಸಾವಿರ ದಿನಾರಿ. ಒಂದು ದಿನಾರಿ ಕೂಲಿಯಾಳಿನ ಒಂದು ದಿನದ ಸಂಬಳ. ಅಂದರೆ ಅವನ ಸಾಲ ಆರು ಕೋಟಿ ದಿನಗಳ ದುಡಿಮೆ! ಹಲವು ಜನ್ಮ ಎತ್ತಿದರೂ ತೀರದು. ಅವನು ಕಾಲಿಗೆ ಬಿದ್ದಾಗ ಅರಸನು ಮರುಗಿ ಸಾಲವನ್ನೆಲ್ಲ ಮನ್ನಾ ಮಾಡಿದನು. ಹೊರಗೆ ಬಂದ ಅವನಿಗೆ ನೂರು ದಿನಾರಿ ಕೊಡಬೇಕಿದ್ದ ಜೊತೆಗಾರನೊಬ್ಬ ಸಿಕ್ಕಿದನು. ಇವನು ಅವನ ಕುತ್ತಿಗೆ ಹಿಡಿದನು. ತಾನು ಅರಸನ ಮುಂದೆ ಆಡಿದ್ದ ಮಾತುಗಳಲ್ಲೇ ಅವನು ಅಂಗಲಾಚಿದರೂ ಕೇಳದೆ ಸೆರೆಮನೆಗೆ ತಳ್ಳಿದನು. ಸುದ್ದಿ ತಿಳಿದ ಅರಸನು ಕೋಪಗೊಂಡು, ಸಾಲ ಪೂರ್ತಿ ತೀರುವ ತನಕ ಇವನನ್ನು ಶಿಕ್ಷಕರ ಕೈಗೊಪ್ಪಿಸಿದನು.

ಜೊತೆಗಾರನ ಸಾಲ ಸುಳ್ಳಲ್ಲ. ನೂರು ದಿನಗಳ ಕೂಲಿ ಬಡವನಿಗೆ ಸಣ್ಣ ಮೊತ್ತವೂ ಅಲ್ಲ. ನಮಗಾದ ಅನ್ಯಾಯವೂ ಹಾಗೆಯೇ ನಿಜ. ಆದರೆ ನಮ್ಮ ಪಾಲಿಗೆ ಮನ್ನಾ ಆದುದರ ಮುಂದೆ ಅದು ಆರು ಲಕ್ಷದಲ್ಲೊಂದು ಭಾಗ. ತಾನು ಕ್ಷಮೆ ಪಡೆದವನೆಂಬುದನ್ನು ಮರೆತವನೇ ಇನ್ನೊಬ್ಬನ ಕುತ್ತಿಗೆ ಹಿಡಿಯುತ್ತಾನೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಕ್ಷಮಿಸುತ್ತಲೇ ಹೋದರೆ ಅಕ್ರಮಿಗೆ ಕುಮ್ಮಕ್ಕು ಸಿಗದೇ? ಅದೇ ಅಧ್ಯಾಯದಲ್ಲಿ ಇದಕ್ಕೆ ಉತ್ತರವಿದೆ. ತಪ್ಪು ಮಾಡಿದವನ ಬಳಿ ಮೊದಲು ಒಬ್ಬನೇ ಹೋಗಿ ತಿಳಿಹೇಳಬೇಕು. ಕೇಳದಿದ್ದರೆ ಒಂದಿಬ್ಬರನ್ನು ಕರೆದೊಯ್ಯಬೇಕು. ಆಗಲೂ ಕೇಳದಿದ್ದರೆ ಸಭೆಯ ಮುಂದಿಡಬೇಕು. ತಪ್ಪನ್ನು ತಪ್ಪಲ್ಲ ಎನ್ನುವುದು ಕ್ಷಮೆಯಲ್ಲ.

ಈ ಬೋಧನೆಯು ಆಚರಣೆಗೆ ಬಂದುದನ್ನು ನಮ್ಮ ದೇಶವೇ ಕಂಡಿದೆ. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರ ಗ್ರಾಮದಲ್ಲಿ, ಕುಷ್ಠರೋಗಿಗಳ ಸೇವೆಯಲ್ಲಿದ್ದ ಆಸ್ಟ್ರೇಲಿಯದ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಎಳೆಯ ಮಕ್ಕಳನ್ನು ವಾಹನದಲ್ಲಿ ಮಲಗಿದ್ದಾಗಲೇ ಸುಟ್ಟು ಕೊಲ್ಲಲಾಯಿತು. ಆ ಮಕ್ಕಳ ತಾಯಿ ಗ್ಲಾಡಿಸ್ ಸ್ಟೇನ್ಸ್, ಕೊಂದವರನ್ನು ತಾನು ಕ್ಷಮಿಸಿರುವೆನೆಂದು ಬಹಿರಂಗವಾಗಿ ಹೇಳಿದರು. ಆದರೆ ಕ್ಷಮೆಯೇ ಬೇರೆ, ಅಪರಾಧದ ಪರಿಣಾಮವೇ ಬೇರೆ ಎಂಬುದನ್ನೂ ಅವರು ಸ್ಪಷ್ಟಪಡಿಸಿದ್ದರು. ನ್ಯಾಯಾಲಯ ತನ್ನ ಕೆಲಸ ಮಾಡಿತು. ಪ್ರಧಾನ ಆರೋಪಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟು ಎತ್ತಿ ಹಿಡಿಯಿತು. ಆ ಮಹಿಳೆಯಾದರೋ 2004ರ ತನಕ ಬಾರಿಪದಾದಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದರು. ದ್ವೇಷ ಅವರನ್ನು ಆ ಕೆಲಸದಿಂದ ಕದಲಿಸಲಿಲ್ಲ.

ಕ್ರೈಸ್ತರಿಗೂ ನಮಗೂ ವಿಶ್ವಾಸದ ಮೂಲ ವಿಷಯಗಳಲ್ಲಿ ಭಿನ್ನತೆಯಿದೆ. ಅದನ್ನು ಮರೆಮಾಚಬೇಕಿಲ್ಲ. ಆದರೆ ಈ ಸಾಮತಿಯ ತಿರುಳು ನಮಗೆ ಅಪರಿಚಿತವೇ? ತಮ್ಮ ಮಗಳು ಹ. ಆಯಿಶಾ(ರ)ರ ಮೇಲೆ ಹೊರಿಸಲಾದ ಅಪವಾದವನ್ನು ಹರಡಿದವರಲ್ಲಿ ತಮ್ಮ ನೆರವಿನಿಂದಲೇ ಬದುಕುತ್ತಿದ್ದ ಬಂಧು ಮಿಸ್ತಹ್‌ ಕೂಡ ಇದ್ದರೆಂದು ತಿಳಿದಾಗ, ಹ. ಅಬೂಬಕರ್(ರ) ಇನ್ನು ಅವರಿಗೆ ಏನನ್ನೂ ಕೊಡಲಾರೆನೆಂದು ಆಣೆ ಹಾಕಿದ್ದರು. ಆಗ ಅವತೀರ್ಣವಾದ ಸೂರಃ ಅನ್ನೂರ್‌ನ 22ನೇ ಸೂಕ್ತವು, ಅಲ್ಲಾಹನು ನಿಮ್ಮನ್ನು ಕ್ಷಮಿಸುವುದು ನಿಮಗೆ ಇಷ್ಟವಿಲ್ಲವೇ ಎಂದು ಪ್ರಶ್ನಿಸಿತು. ಅವರು ನೆರವನ್ನು ಮತ್ತೆ ಆರಂಭಿಸಿದರು. ಮಿಸ್ತಹ್‌ರ ತಪ್ಪು ಚಿಕ್ಕದೆಂದು ಸೂಕ್ತ ಹೇಳಲಿಲ್ಲ. ಕ್ಷಮಿಸಬೇಕಾದವನ ದೃಷ್ಟಿಯನ್ನು ಅವನ ಸ್ವಂತ ಸಾಲದ ಕಡೆಗೆ ತಿರುಗಿಸಿತು, ಅಷ್ಟೇ.

ಇಂದು ರಾತ್ರಿ ದುಆಕ್ಕೆ ಕೈಯೆತ್ತುವಾಗ ನಾವು ಬೇಡುವುದು ಮಗ್‌ಫಿರತ್ತನ್ನೇ. ಅದೇ ಕೈಯನ್ನು ಮುಂದಿನ ಹಬ್ಬದಂದು ಆ ಅಣ್ಣನ ಕಡೆಗೆ ಚಾಚಲು ನಮಗೇನು ಅಡ್ಡಿ? ಪಾಲಿನ ತಕರಾರು ಉಳಿದಿದ್ದರೆ ಹಿರಿಯರ ಮುಂದೆ ಕುಳಿತು ತೀರ್ಮಾನಿಸೋಣ. ಆದರೆ ಅದು ತೀರುವ ತನಕ ಸಲಾಮ್ ಹೇಳಲು ಕಾಯುವುದು ಬೇಡ.