ಗುಡ್ಡದ ಮೇಲೆ ಕಾದವನು

ನಾಲ್ವರು ಕೂಡಿ ದೂರದ ಊರಿಗೆ ಕಾಲುನಡಿಗೆಯಿಂದ ಹೊರಟರೆ ಮೊದಲನೆಯ ದಿವಸವೇ ಒಂದು ಪ್ರಶ್ನೆ ಹುಟ್ಟುವದು: ಯಾರ ಹೆಜ್ಜೆಗೆ ಯಾರು ಹೊಂದಿಕೊಳ್ಳತಕ್ಕದ್ದು? ಸಂತೆಗೆ ನಡೆದು ಹೋದವರೆಲ್ಲರೂ ಇದನ್ನು ಬಲ್ಲರು, ಯೋಚಿಸಿದವರು ಕಡಿಮೆ. ನಾನೂ ಯೋಚಿಸಿದವನಲ್ಲ. ಇಂಗ್ಲೆಂಡಿನ ಒಂದು ಗುಡ್ಡದ ಮೇಲೆ ಒಬ್ಬ ಸ್ನೇಹಿತನು ನನಗೆ ಅದನ್ನು ತಿಳಿಯಪಡಿಸಿದನು.

ಆ ದೇಶದ ಪಶ್ಚಿಮ ಕರಾವಳಿಯಲ್ಲಿ ಸೇಂಟ್ ಬೀಸ್ ಎಂಬ ಗ್ರಾಮವಿದೆ. ಅಲ್ಲಿಂದ ಪೂರ್ವ ಕರಾವಳಿಯ ರಾಬಿನ್ ಹುಡ್ಸ್ ಬೇ ಎಂಬ ಊರಿನ ವರೆಗೆ ಸುಮಾರು 190 ಮೈಲಿನ ಕಾಲುದಾರಿಯೊಂದನ್ನು ಆಲ್ಫ್ರೆಡ್ ವೇನ್‌ರೈಟ್ ಎಂಬವರು ಗೊತ್ತುಮಾಡಿ, 1973ರಲ್ಲಿ ಅದರ ಪುಸ್ತಕವನ್ನು ಪ್ರಕಟಿಸಿದರು. ಹೊರಡುವವರು ಪಶ್ಚಿಮ ಸಮುದ್ರದಲ್ಲಿ ಬೂಟು ತೋಯಿಸಿ, ದಡದ ಒಂದು ಕಲ್ಲು ಹರಳನ್ನು ಚೀಲದಲ್ಲಿಟ್ಟುಕೊಂಡು, ದಾರಿ ಮುಗಿದಾಗ ಅದನ್ನು ಪೂರ್ವ ಸಮುದ್ರಕ್ಕೆ ಹಾಕುವದು ವಾಡಿಕೆ. ವೇನ್‌ರೈಟರಾದರೋ ಒಂಟಿಯಾಗಿ ನಡೆಯುವದನ್ನೇ ಮೆಚ್ಚಿದವರು. ಆದದರಿಂದ ಈ ಪ್ರಶ್ನೆಯು ಅವರನ್ನು ಅಷ್ಟಾಗಿ ಕಾಡಿರಲಿಕ್ಕಿಲ್ಲ.

ಮೊದಲನೆಯ ದಿವಸದ ದಾರಿ ಎನ್ನರ್‌ಡೇಲ್ ಬ್ರಿಜ್ ಎಂಬ ಹಳ್ಳಿಯ ವರೆಗೆ ಸುಮಾರು 14 ಮೈಲು. ಪೂರ್ವಕ್ಕೆ ಹೋಗಬೇಕಾದವರು ಮೊದಲು ಉತ್ತರಕ್ಕೆ, ಕೆಂಪು ಮರಳುಗಲ್ಲಿನ ಕಡಿದಾದ ದಡದ ಮೇಲೆ, ಕಡಲಹಕ್ಕಿಗಳ ಕೂಗನ್ನು ಕೇಳುತ್ತಾ ನಡೆಯುವರು. ಅಲ್ಲಿ ನಾವು ನಾಲ್ವರೂ ಒಂದೇ ಮಾತಿನಲ್ಲಿದ್ದೆವು. ಎಂಟೊಂಬತ್ತು ಮೈಲು ಕಳೆದ ಮೇಲೆ ಡೆಂಟ್ ಎಂಬ ಗುಡ್ಡ ಬಂತು. ಅದರ ಎತ್ತರ 352 ಮೀಟರು. ನಮ್ಮ ಘಟ್ಟದವರು ಕೇಳಿದರೆ ನಕ್ಕಾರು. ಆದರೆ ಬೆನ್ನಿನ ಮೇಲೆ ಹೊರೆ ಇದ್ದು, ಕಾಲು ಪಳಗದ ಮೊದಲನೆಯ ದಿವಸದಲ್ಲಿ ಅದು ಗುಡ್ಡವೇ ಸರಿ.

ನಾನು ಬೇಗನೆ ಏರಿ ತುದಿಯಲ್ಲಿ ಕುಳಿತೆನು. ನೀರು ಕುಡಿದೆನು, ರೊಟ್ಟಿ ತಿಂದೆನು, ಹಿಂದೆ ತಿರುಗಿ ಸಮುದ್ರವನ್ನು ನೋಡಿದೆನು. ಅರ್ಧ ತಾಸಿನ ಮೇಲೆ ಕಡೆಯವನು ಏದುತ್ತಾ ಬಂದನು. "ಬಂದೆಯಾ? ಸರಿ, ಹೊರಡೋಣ" ಎಂದು ಎದ್ದೆನು. ಅವನು ಸಿಟ್ಟುಗೊಳ್ಳದೆ, "ನೀನು ಕಾದದ್ದು ನನಗೋಸ್ಕರವೋ, ನಿನಗೋಸ್ಕರವೋ?" ಎಂದು ಕೇಳಿದನು.

ನನಗೆ ಉತ್ತರ ತೋಚಲಿಲ್ಲ. ಅವನಿಗೋಸ್ಕರ ಕಾದೆನೆಂದು ಆ ವರೆಗೂ ನಂಬಿದ್ದೆನು. ಲೆಕ್ಕ ನೋಡಿದರೆ, ದಣಿಯದವನಿಗೆ ಅರ್ಧ ತಾಸಿನ ವಿಶ್ರಾಂತಿ, ದಣಿದವನಿಗೆ ಏನೂ ಇಲ್ಲ. ಪ್ರತಿಯೊಂದು ಏರಿನಲ್ಲಿಯೂ ಹೀಗೇ ಆದರೆ, ಸಾಯಂಕಾಲಕ್ಕೆ ಬಲವಂತನು ಇನ್ನೂ ಬಲವಂತನು, ಬಲಹೀನನು ಇನ್ನೂ ಬಲಹೀನನು. ಇದರಲ್ಲಿ ಕೇಡು ಬಗೆದವರು ಯಾರೂ ಇಲ್ಲ. ನನ್ನನ್ನು ಹೆಚ್ಚಾಗಿ ಕಾಡುವದು ಇದೇ. ಕಾದವನಿಗೆ ತಾನು ಉಪಕಾರ ಮಾಡಿದೆನೆಂಬ ತೃಪ್ತಿಯೂ ದೊರೆಯುತ್ತದೆ. ಬಂದವನೋ ಕಾಯಿಸಿದೆನೆಂದು ನಾಚುತ್ತಾನೆ.

ಹಾಗಾದರೆ ಮೂವರು ಒಬ್ಬನಿಗೋಸ್ಕರ ಕತ್ತಲಾಗುವ ವರೆಗೆ ತಡಮಾಡುವದು ನ್ಯಾಯವೋ ಎಂದು ಕೇಳಬಹುದು. ಮಾತು ಹಗುರವಾದದ್ದಲ್ಲ. ಮೂರು ಮೈಲಿಗೆ ಒಂದು ತಾಸು, 2000 ಅಡಿ ಏರಿಗೆ ಮತ್ತೊಂದು ತಾಸು ಎಂದು ನೈಸ್ಮಿತ್ ಎಂಬ ಸ್ಕಾಟ್ಲೆಂಡಿನವರು 1892ರಲ್ಲಿ ಸೂತ್ರ ಕೊಟ್ಟರು. ಯಾರ ಕಾಲುಗಳಿಂದ ಎಂದು ಸೂತ್ರವು ಹೇಳುವದಿಲ್ಲ. ಒಂದು ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ಮುಂದೆ ಎಳೆದರೆ ಬಂಡಿ ಬೇಗ ಹೋಗದು, ಓರೆಯಾಗುವದು ಎಂದು ಒಕ್ಕಲಿಗನು ಬಲ್ಲನು. ಕೂಡಿ ಹೋಗೋಣವೆಂದು ಏಸಾವನು ಕರೆದಾಗ ಯಾಕೋಬನು, ಮಕ್ಕಳೂ ಮಂದೆಯೂ ನಡೆಯುವಷ್ಟರ ಮಟ್ಟಿಗೇ ಬರುವೆನೆಂದು ಹೇಳಿದನಷ್ಟೆ. ಅವನ ಮನಸ್ಸಿನಲ್ಲಿ ಅಣ್ಣನ ಭಯವೂ ಇತ್ತೆನ್ನಿ; ಆದರೂ ಕುರುಬನ ಲೆಕ್ಕ ತಪ್ಪಲಿಲ್ಲ.

ನಾನು ಮತ್ತೆ ಕುಳಿತೆನು. ಅವನೂ ಕುಳಿತನು. ಉಸಿರನ್ನು ಹಂಚಿಕೊಳ್ಳಲಾಗದು, ಹೊರೆಯನ್ನು ಹಂಚಿಕೊಳ್ಳಬಹುದು. ಅವನ ಚೀಲದೊಳಗಿನ ನೀರನ್ನೂ ಕಂಬಳಿ ಅಂಗಿಯನ್ನೂ ನಾವು ಮೂವರು ತಕ್ಕೊಂಡೆವು. ಅವನನ್ನು ಮುಂದೆ ಬಿಡೋಣವೆಂದರೆ ಅವನು ಒಪ್ಪಲಿಲ್ಲ. ಎಲ್ಲರ ಕಣ್ಣು ಬೆನ್ನಿನ ಮೇಲಿರುವದು ಹಿಂದೆ ಉಳಿಯುವದಕ್ಕಿಂತ ಕಷ್ಟವೆಂದನು. ಆದದರಿಂದ ನಡುವೆ ನಡೆದನು. ಆಚೆಯ ಇಳಿಜಾರು ಬಹಳ ಕಡಿದು. ಅಲ್ಲಿ ನನ್ನ ಮೊಣಕಾಲುಗಳು ನಡುಗಿದವು, ಅವನು ಸಲೀಸಾಗಿ ಇಳಿದನು. ಕೆಳಗಿನ ತೊರೆಯ ಬಳಿ ಒಂದು ಕಲ್ಲಿನ ಮೇಲೆ ಕುಳಿತು ನನಗಾಗಿ ಕಾದನು. ನಾನು ಬಂದು ಕುಳಿತು ಉಸಿರು ಬಿಡುವ ವರೆಗೂ ಅವನು ಏಳಲಿಲ್ಲ.