ಪ್ರವಣತಾ ವಿಚಾರ

ನಮ್ಮ ಬಾಶೆಟ್ಟಿಹಳ್ಳಿಯ ಕಡೆ ಗಾರೆ ಕೆಲಸದವನು ಬಚ್ಚಲಿನ ನೆಲಕ್ಕೆ ‘ವಾಟ’ ಕೊಡುವನು. ಗಾಡಿ ಹೊಡೆಯುವವನು ಅದನ್ನೇ ದಾರಿಯಲ್ಲಿ ಕಂಡಾಗ ಏರು ಎಂದೋ ಇಳಿಜಾರು ಎಂದೋ ಹೇಳುವನು. ಕೆರೆಯ ಕಟ್ಟೆಗೆ ಏರಿ ಎಂಬ ಹೆಸರು ಬಂದಿರುವುದೂ ಏರುವಿಕೆಯಿಂದಲೇ. ಸಂಸ್ಕೃತದಲ್ಲಿ ಇದಕ್ಕೆ ಪ್ರವಣತೆಯೆಂದು ಹೆಸರು. ಪ್ರವಣವೆಂದರೆ ಇಳಿಜಾರಾದ ನೆಲವೂ ಹೌದು, ಒಂದು ಕಡೆಗೆ ಒಲಿದ ಮನಸ್ಸೂ ಹೌದು. ಧರ್ಮಪ್ರವಣ, ಭಕ್ತಿಪ್ರವಣ ಮೊದಲಾದ ಮಾತುಗಳನ್ನು ವಾಚಕರು ಬಲ್ಲರಷ್ಟೆ. ನೆಲದ ವಿಷಯದಲ್ಲಿ ಈ ಶಬ್ದವು ತಿಳಿಸುವ ಸತ್ಯವು ಮನುಷ್ಯರ ನಡವಳಿಕೆಯಲ್ಲಿಯೂ ಸಲ್ಲುವುದೇ ಎಂಬುದೇ ಇಲ್ಲಿ ವಿಚಾರಿಸತಕ್ಕ ಪ್ರಶ್ನೆ.

ಮೊದಲು ಗಣಿತದ ಮಾತು. ಎತ್ತರವೇ ಇಳಿಜಾರೆಂದು ನಾವು ಸಾಮಾನ್ಯವಾಗಿ ಭ್ರಮಿಸುವೆವು. ಅದು ಸರಿಯಲ್ಲ. ಎತ್ತರದ ವ್ಯತ್ಯಾಸವನ್ನು ಅದು ಹಬ್ಬಿರುವ ಉದ್ದದಿಂದ ಭಾಗಿಸಿದರೆ ಬರುವ ಲಬ್ಧವೇ ಇಳಿಜಾರು. ನಮ್ಮ ಬಡಗಣ ದಿಕ್ಕಿನ ನಂದಿಬೆಟ್ಟವನ್ನು ನೋಡಿರಿ. ಸಮುದ್ರಮಟ್ಟದಿಂದ ಅದರ ಎತ್ತರ 1478 ಮೀಟರು. ಅಲ್ಲಿ ಟಿಪ್ಪುವಿನ ಹೆಸರು ಹೊತ್ತ ಕಡಿದಾದ ಬಂಡೆಯ ಅಂಚೊಂದುಂಟು. ಅಪರಾಧಿಗಳನ್ನು ಅಲ್ಲಿಂದ ತಳ್ಳುತ್ತಿದ್ದರೆಂದು ಐತಿಹ್ಯ. ಅದೇ ಬೆಟ್ಟಕ್ಕೆ ಸುತ್ತಿ ಸುತ್ತಿ ಏರುವ ರಸ್ತೆಯೂ ಉಂಟು. ಅದರಲ್ಲಿ ಮುದುಕರೂ ಮಕ್ಕಳೂ ಸುಖವಾಗಿ ಹೋಗಿ ಬರುವರು. ಬೆಟ್ಟ ಒಂದೇ. ಒಂದು ಕಡೆ ಅದು ಮೃತ್ಯು, ಇನ್ನೊಂದು ಕಡೆ ವಿಹಾರ. ವ್ಯತ್ಯಾಸವೆಲ್ಲ ಉದ್ದದಲ್ಲಿ ಅಡಗಿದೆ.

ಗಣಿತಜ್ಞರು ಇದಕ್ಕೆ ದಿಕ್ಕನ್ನೂ ಸೇರಿಸಿರುವರು. ಬೆಟ್ಟದ ಮೇಲೆ ನಿಂತ ಪ್ರತಿಯೊಂದು ಎಡೆಯಲ್ಲಿಯೂ ಅತಿ ಕಡಿದಾಗಿ ಮೇಲೇರುವ ದಿಕ್ಕೊಂದಿರುವುದು. ನೀರು ಅದಕ್ಕೆ ನೇರ ವಿರುದ್ಧವಾದ ದಿಕ್ಕಿಗೆ ಜಾರುವುದು. ಇವೆರಡಕ್ಕೂ ಅಡ್ಡಲಾಗಿ ಸಮಾನ ಎತ್ತರದ ರೇಖೆಯನ್ನು ಹಿಡಿದು ನಡೆದವನು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಇನ್ನು, ಇಳಿಜಾರು ಸೊನ್ನೆಯಾಗುವ ಎಡೆ ಯಾವುದು? ಶಿಖರದ ತುದಿಯಲ್ಲಿ ಅದು ಸೊನ್ನೆ; ಹಳ್ಳದ ತಳದಲ್ಲಿಯೂ ಸೊನ್ನೆಯೇ. 1150ರಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದ ಭಾಸ್ಕರಾಚಾರ್ಯರು ಗ್ರಹಗಳ ತಾತ್ಕಾಲಿಕ ಗತಿಯನ್ನು ವಿಚಾರಿಸುತ್ತ, ಗ್ರಹದ ಫಲವು ಪರಮಾವಧಿಯನ್ನು ಮುಟ್ಟಿದ ಎಡೆಯಲ್ಲಿ ಗತಿಫಲವು ಇಲ್ಲವಾಗುವುದೆಂದು ಕಂಡುಕೊಂಡಿದ್ದರು. ಆದಕಾರಣ ನೆಮ್ಮದಿಯಾಗಿ ಸಮನೆಲದಲ್ಲಿ ನಿಂತಿರುವೆನೆಂದು ಹಿಗ್ಗುವವನು, ತಾನು ತುದಿಯಲ್ಲಿರುವೆನೋ ತಳದಲ್ಲಿರುವೆನೋ ಎಂಬುದನ್ನು ಒಮ್ಮೆ ಸುತ್ತಲೂ ನೋಡಿ ತಿಳಿಯುವುದು ಒಳ್ಳೆಯದು.

ಭೌತಶಾಸ್ತ್ರವೂ ಇದೇ ಲೆಕ್ಕವನ್ನು ಹೇಳುವುದು. ಫ್ರಾನ್ಸಿನ ಫೂರಿಯೇ ಎಂಬ ಪಂಡಿತನು 1822ರಲ್ಲಿ ಪ್ರಕಟಿಸಿದ ಶಾಖವಿಚಾರದ ಗ್ರಂಥದಲ್ಲಿ, ಶಾಖದ ಹರಿವು ಉಷ್ಣತೆಯ ಇಳಿಜಾರಿಗೆ ಅನುಗುಣವಾಗಿರುವುದೆಂದು ತೋರಿಸಿದನು. ಹೊರಗೆ ಎಷ್ಟು ಬಿಸಿ, ಒಳಗೆ ಎಷ್ಟು ತಂಪು ಎಂಬುದಷ್ಟೇ ಸಾಲದು. ಆ ಅಂತರವು ಎಷ್ಟು ದಪ್ಪದಲ್ಲಿ ಹಬ್ಬಿದೆ ಎಂಬುದನ್ನೂ ನೋಡಬೇಕು. ನಮ್ಮ ಹಿರಿಯರು ಎರಡಡಿ ದಪ್ಪದ ಮಣ್ಣಿನ ಗೋಡೆ ಕಟ್ಟಿಕೊಂಡು ಚೈತ್ರ ವೈಶಾಖಗಳನ್ನು ಕಳೆದದ್ದು ಈ ಮರ್ಮದಿಂದ. ಅವರು ಬಿಸಿಲನ್ನು ಕಡಮೆ ಮಾಡಲಿಲ್ಲ. ಅದು ಒಳಗೆ ಬರುವ ದಾರಿಯನ್ನು ಉದ್ದ ಮಾಡಿದರು. ನೀರಿನ ವಿಷಯದಲ್ಲಿಯೂ ಹಾಗೆಯೇ. ನಂದಿಯಲ್ಲಿ ಹುಟ್ಟುವ ಅರ್ಕಾವತಿಯ ಪಾತ್ರದಲ್ಲಿ ದೊಡ್ಡಬಳ್ಳಾಪುರದಿಂದ ಹೆಸರಘಟ್ಟದವರೆಗೆ ಕೆರೆಯ ಕೆಳಗೆ ಕೆರೆ ಕಟ್ಟಿರುವರು. ಒಂದು ಕೆರೆ ಕೋಡಿ ಬಿದ್ದರೆ ಕೆಳಗಣ ಕೆರೆಗೆ ನೀರು. ಒಂದೇ ಓಟದಲ್ಲಿ ಹರಿದು ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಗತಕ್ಕ ನೀರನ್ನು ಅವರು ನಿಲ್ಲಿಸಿ ನಿಲ್ಲಿಸಿ ಇಳಿಸಿದರು.

ಯಂತ್ರಯುಗದವರೂ ಈ ನಿಯಮಕ್ಕೆ ತಲೆಬಾಗಿದವರೇ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಟ್ಟವಿಳಿಯುವ ರೈಲುದಾರಿ 1979ರಲ್ಲಿ ಪೂರ್ಣವಾಯಿತು. ಘಟ್ಟವನ್ನು ತಗ್ಗಿಸುವುದು ಯಾವ ಇಂಜಿನಿಯರನಿಂದಲೂ ಆಗದು. ಐವತ್ತು ಅಡಿ ಮುಂದೆ ಸಾಗಿದರೆ ಒಂದಡಿಗಿಂತ ಹೆಚ್ಚು ಏರಕೂಡದೆಂಬ ನಿಯಮವನ್ನಿಟ್ಟುಕೊಂಡು, ಸುಮಾರು 55 ಕಿಲೋಮೀಟರಿನಷ್ಟು ದೂರ ಸುರಂಗ ಸೇತುವೆಗಳ ಮೂಲಕ ಹಳಿಯನ್ನು ಬಳಸಿ ಬಳಸಿ ಒಯ್ದರು. ಎತ್ತರವು ದೈವದತ್ತ, ಉದ್ದವು ಮನುಷ್ಯಪ್ರಯತ್ನ.

ಇಲ್ಲಿಂದ ನನ್ನ ಮುಖ್ಯ ವಿಷಯಕ್ಕೆ ಬರುವೆನು. ನಮ್ಮ ಕಡೆಯ ಕಚೇರಿಯೊಂದರ ಬಾಗಿಲು ನೆಲದಿಂದ ಒಂದೂವರೆ ಅಡಿ ಮೇಲಿದೆ. ಗಾಲಿಕುರ್ಚಿಯವರಿಗಾಗಿ ಮೆಟ್ಟಿಲ ಪಕ್ಕದಲ್ಲಿ ಒಂದು ಇಳಿಜಾರನ್ನು ಕಟ್ಟಿರುವರು. ಅದರ ಉದ್ದ ಐದು ಅಡಿ. ಅಂಗವಿಕಲರ ಹಕ್ಕುಗಳನ್ನು ಕುರಿತ 2016ರ ಕಾಯಿದೆಯುಂಟು. ಒಂದಡಿ ಏರಿಗೆ ಹನ್ನೆರಡು ಅಡಿ ಉದ್ದವಿರಬೇಕೆಂಬ ಸರ್ಕಾರದ ಮಾರ್ಗಸೂಚಿಯೂ ಉಂಟು. ಆ ಲೆಕ್ಕದಲ್ಲಿ ಇಲ್ಲಿಗೆ ಹದಿನೆಂಟು ಅಡಿ ಬೇಕು. ನನ್ನ ಹಳೆಯ ಸಹೋದ್ಯೋಗಿಯೊಬ್ಬರನ್ನು ಗಾಲಿಕುರ್ಚಿಯಲ್ಲಿ ಅಲ್ಲಿಗೆ ಕರೆದುಕೊಂಡು ಹೋದಾಗ ಇಬ್ಬರು ಯುವಕರು ಕುರ್ಚಿಸಮೇತ ಅವರನ್ನು ಎತ್ತಬೇಕಾಯಿತು. ಅವರು ತಲೆ ತಗ್ಗಿಸಿ ಕುಳಿತಿದ್ದರು. ನಾನು ಆಕ್ಷೇಪಿಸಲು, ಅಲ್ಲಿಯ ನೌಕರನು, “ಇಳಿಜಾರು ಇದೆಯಲ್ಲ ಮೇಷ್ಟ್ರೇ!” ಎಂದನು. ಹೌದು, ಹೆಸರಿಗೆ ಇದೆ, ಮಾನದಲ್ಲಿ ಇಲ್ಲ. ಕೊರತೆಯಾದ ಆ ಹದಿಮೂರು ಅಡಿಯಲ್ಲಿ ಒಬ್ಬ ಹಿರಿಯರ ಮರ್ಯಾದೆ ಹೋಯಿತು.

ಆ ನೌಕರನನ್ನು ಜರೆಯುತ್ತ ಮನೆಗೆ ಬಂದವನಿಗೆ ರಾತ್ರಿ ನಿದ್ರೆ ಬರಲಿಲ್ಲ. ಮೂವತ್ತು ವರ್ಷಗಳಿಗೂ ಹಿಂದೆ ಮಗ್ಗದ ಮನೆಯ ಹುಡುಗನೊಬ್ಬನು ನನ್ನ ಸಂಸ್ಕೃತದ ತರಗತಿಯಲ್ಲಿದ್ದನು. ಪಾಠಶಾಲೆಯಲ್ಲಿ ನನಗೆ ಹೇಳಿಕೊಟ್ಟಂತೆಯೇ ನಾನೂ ಶಬ್ದ ಧಾತುಗಳನ್ನು ಕಂಠಪಾಠ ಮಾಡಿಸಹೊರಟೆನು. ಮನೆಯಲ್ಲಿ ಶ್ಲೋಕ ಕೇಳಿ ಬೆಳೆದವರಿಗೆ ಅದು ಒಂದು ಮೆಟ್ಟಿಲು. ಅವನಿಗೆ ಅದು ಗೋಡೆ. ಮಂದಬುದ್ಧಿಯೆಂದು ತರಗತಿಯ ಎದುರಿಗೇ ಅವನನ್ನು ಕರೆದೆನು. ಆ ವರ್ಷವೇ ಅವನು ಶಾಲೆ ಬಿಟ್ಟನು. ಅವನು ಏರಬೇಕಾದ ಎತ್ತರವನ್ನು ಕಡಮೆ ಮಾಡುವ ಅಧಿಕಾರ ನನಗಿರಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ. ಆದರೆ ಕನ್ನಡದಲ್ಲಿ ಅವನು ಅದಾಗಲೇ ಬಲ್ಲ ತತ್ಸಮ ಪದಗಳಿಂದ ಹೊರಟು, ಇನ್ನಾರು ತಿಂಗಳ ದಾರಿಯನ್ನು ಅವನಿಗೆ ಹಾಕಿಕೊಡಬಹುದಾಗಿತ್ತು. ಐದಡಿಯ ಇಳಿಜಾರನ್ನು ಕಟ್ಟಿ, ಏರಲಾರದವನನ್ನು ದೂರಿದವನು ನಾನೇ.

ಇಲ್ಲಿ ಒಂದು ಆಕ್ಷೇಪವುಂಟು. ದಾರಿ ಉದ್ದವಾಗಲಿ ಎಂಬ ನೆಪದಲ್ಲಿ ನ್ಯಾಯವನ್ನು ಮುಂದೂಡುವವರು ಇಲ್ಲವೆ? “ಕ್ರಮೇಣ ಆಗಲಿ” ಎಂಬ ಮಾತಿನಲ್ಲಿ ಎಷ್ಟು ತಲೆಮಾರುಗಳು ಕಳೆದುಹೋಗಿಲ್ಲ? ಆಕ್ಷೇಪವು ಯುಕ್ತವೇ, ಉತ್ತರವೂ ಗಣಿತದಲ್ಲಿಯೇ ಇದೆ. ಸಮಾನ ಎತ್ತರದ ರೇಖೆಯ ಮೇಲೆ ಎಷ್ಟು ಸುತ್ತಿದರೂ ಅದು ಬೆಟ್ಟದ ಪ್ರದಕ್ಷಿಣೆಯೇ ಹೊರತು ಆರೋಹಣವಲ್ಲ. ಆದಕಾರಣ ಕ್ರಮೇಣವೆನ್ನುವವರನ್ನು ಒಂದೇ ಪ್ರಶ್ನೆ ಕೇಳಬೇಕು: ಇಂದಿನ ಹೆಜ್ಜೆಯಲ್ಲಿ ಎಷ್ಟು ಏರಿದೆವು? ಕೂದಲೆಳೆಯಷ್ಟಾದರೂ ಏರಿದ್ದರೆ ಅದು ದಾರಿ. ಏನೂ ಏರದಿದ್ದರೆ ಅದು ವಂಚನೆ.

ಲೋಕದಲ್ಲಿ ವಿದ್ಯೆಯ, ಬಲದ, ವಯಸ್ಸಿನ ತಾರತಮ್ಯಗಳು ಇದ್ದೇ ಇರುವುವು. ಅವುಗಳಲ್ಲಿ ಕೆಲವನ್ನು ನಾವು ಅಳಿಸಲಾರೆವು. ಆದರೆ ಭಾಜ್ಯವು ನಮ್ಮ ಕೈಯಲ್ಲಿಲ್ಲದಿದ್ದರೂ ಭಾಜಕವು ಇದೆ. ಮೇಲೆ ನಿಂತವನು ಕೆಳಗಿನವನಿಗೆ ಸಲ್ಲಿಸಬೇಕಾದ ಋಣವೆಂದರೆ ಅವನು ತನ್ನ ಕಾಲಿನಿಂದಲೇ, ತಲೆಯೆತ್ತಿಕೊಂಡು ಏರಿ ಬರುವಷ್ಟು ಉದ್ದದ ದಾರಿ. ಆ ಹುಡುಗನಿಗೆ ಈಗ ನಲವತ್ತೈದು ದಾಟಿರಬೇಕು. ಅವನ ಮಕ್ಕಳಿಗಾದರೂ ನನಗಿಂತ ಒಳ್ಳೆಯ ಮೇಷ್ಟರು ದೊರೆತಿರಲಿ.